ಬಡಗರ ನುಡಿ : ಕನ್ನಡದ ಕೊಂಬೆಯೋ, ಬೇರೆ ಗಿಡವೋ?

ಒಂದು ಸೀಮೆಯ ಜನರು ಆಡುವ ಮಾತು ಪ್ರತ್ಯೇಕವಾದ ಭಾಷೆಯೆನಿಸುವುದೋ, ಅಥವಾ ನೆರೆಯ ದೊಡ್ಡ ಭಾಷೆಯೊಂದರ ಪ್ರಾಂತಭೇದವೆನಿಸುವುದೋ ಎಂಬ ಪ್ರಶ್ನೆಯು ಮೇಲುನೋಟಕ್ಕೆ ವೈಯಾಕರಣರ ಗೊಡವೆಯಂತೆ ತೋರುವುದು. ಆದರೆ ವಿಚಾರಿಸಿ ನೋಡಿದಲ್ಲಿ, ಒಂದು ಮಗುವು ಯಾವ ನುಡಿಯಲ್ಲಿ ಅಕ್ಷರಾಭ್ಯಾಸ ಮಾಡಬೇಕು, ಒಂದು ಜನಾಂಗದ ಹಿರಿಯರ ಹಾಡುಗಳು ಯಾವ ಲಿಪಿಯಲ್ಲಿ ಉಳಿಯಬೇಕು, ಸರಕಾರದ ಲೆಕ್ಕದ ಪುಸ್ತಕದಲ್ಲಿ ಆ ಜನರ ಹೆಸರು ಕಾಣಿಸಬೇಕೋ ಬೇಡವೋ ಎಂಬ ಲೋಕವ್ಯವಹಾರಗಳೆಲ್ಲವೂ ಈ ಪ್ರಶ್ನೆಯನ್ನೇ ಆಶ್ರಯಿಸಿಕೊಂಡಿರುವುದು ಕಂಡುಬರುವುದು. ಕನ್ನಡ ನಾಡಿನ ದಕ್ಷಿಣದ ಎಲ್ಲೆಯನ್ನು ದಾಟಿದೊಡನೆಯೇ ಸಿಕ್ಕುವ ನೀಲಗಿರಿಯ ಬಡಗರ ನುಡಿಯು ಇದಕ್ಕೆ ತಕ್ಕ ನಿದರ್ಶನವಾಗಿದೆ. ಆ ಬಡಗರಲ್ಲಿ ಒಡೆಯರೆಂಬ ಪಂಗಡದವರೂ ಇನ್ನು ಕೆಲವರೂ ಲಿಂಗಧಾರಿಗಳಾಗಿರುವುದರಿಂದ, ಈ ವಿಚಾರವು ವೀರಶೈವ ಸಮಾಜಕ್ಕೆ ದೂರದ್ದೇನೂ ಅಲ್ಲ.

ಮೊದಲು ಹಳೆಯ ಪ್ರಮಾಣವನ್ನು ನೋಡತಕ್ಕದ್ದು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕನ್ನಡ ನಾಡಿನ ಮೇರೆಗಳನ್ನು ಕಾವೇರಿ ಗೋದಾವರಿಗಳೆಂದು ಹೇಳಿ, ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನುಡಿಯನ್ನು ತಿರುಳ್ಗನ್ನಡವೆಂದು ಗುರುತಿಸಿದೆ. ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ಅದೇ ಗ್ರಂಥವು, ದೇಶ್ಯಭೇದಗಳು ಬೇರೆಬೇರೆಯಾಗಿರುವುದರಿಂದ ಅವುಗಳನ್ನೆಲ್ಲ ಎಣಿಸಹೊರಟರೆ ಸಾವಿರ ಹೆಡೆಯ ವಾಸುಗಿಯು ಕೂಡ ಬೇಸತ್ತಾನೆಂಬ ಅಭಿಪ್ರಾಯವನ್ನೂ ಹೇಳಿರುವುದನ್ನು ಕೆಲವರು ಮಾತ್ರ ನೆನೆಯುವರು. ಆ ಸಂದರ್ಭದಲ್ಲಿ ಗ್ರಂಥಕಾರನು ಕನ್ನಡವೆಂಬ ಶಬ್ದವನ್ನು ಬಹುವಚನದಲ್ಲಿ, ‘ಕನ್ನಡಂಗಳ್’ ಎಂದು ಪ್ರಯೋಗಿಸಿರುವುದು ಗಮನಾರ್ಹವಾದುದು. ಉಪಲಬ್ಧವಾದ ಕನ್ನಡ ಗ್ರಂಥಗಳಲ್ಲಿ ಅತಿ ಪ್ರಾಚೀನವಾದುದೇ ಕನ್ನಡವನ್ನು ಏಕರೂಪವಾದ ವಸ್ತುವೆಂದು ಭಾವಿಸಲಿಲ್ಲವೆಂಬುದು ಇದರಿಂದ ಸಿದ್ಧವಾಗುವುದು.

ಬಡಗರ ಪೂರ್ವವೃತ್ತಾಂತ

ಬಡಗರೆಂದರೆ ಬಡಗಣ ದಿಕ್ಕಿನಿಂದ ಬಂದವರು. ನೀಲಗಿರಿಯ ಉತ್ತರಕ್ಕಿರುವುದು ಮೈಸೂರಿನ ಬಯಲು ಸೀಮೆ. ಆದಕಾರಣ ಈ ಹೆಸರೇ ಅವರು ಮೈಸೂರು ಸೀಮೆಯಿಂದ ಬೆಟ್ಟವನ್ನೇರಿದರೆಂಬುದಕ್ಕೆ ಸಾಕ್ಷಿಯೆಂದು ಬಹುಮಂದಿ ವಿದ್ವಾಂಸರು ತಿಳಿದಿದ್ದಾರೆ. ಏಳು ಮಂದಿ ಅಣ್ಣತಮ್ಮಂದಿರು ತಮ್ಮ ಒಬ್ಬಳೇ ತಂಗಿಯ ಮಾನವನ್ನು ಕಾಪಾಡುವುದಕ್ಕಾಗಿ, ಪರಧರ್ಮದ ಅರಸನೊಬ್ಬನ ಕೈಗೆ ಸಿಕ್ಕದೆ ಬೆಟ್ಟಕ್ಕೆ ಓಡಿಬಂದರೆಂಬ ಕಥೆಯು ಬಡಗರಲ್ಲಿ ಬಾಯಿಂದ ಬಾಯಿಗೆ ನಡೆದುಬಂದಿದೆ. ೧೫೬೫ರಲ್ಲಿ ವಿಜಯನಗರವು ಬಿದ್ದ ಮೇಲೆ ಉಂಟಾದ ಅರಾಜಕತೆಯೇ ಈ ವಲಸೆಗೆ ಕಾರಣವೆಂದು ಊಹಿಸಿದವರುಂಟು. ಈಚಿನ ಬಡಗ ಲೇಖಕರಲ್ಲಿ ಕೆಲವರು ಇದನ್ನೊಪ್ಪದೆ, ತಮ್ಮವರು ಬೆಟ್ಟದ ಮೂಲನಿವಾಸಿಗಳೇ ಎಂದು ವಾದಿಸುವರು.

ಲಿಖಿತವಾದ ಸಾಕ್ಷ್ಯಗಳಲ್ಲಿ ಹಳೆಯದು ೧೬೦೩ನೆಯ ಇಸವಿಯದು. ಆ ವರ್ಷ ಫೆನಿಸಿಯೋ ಎಂಬ ಜೆಸುಯಿಟ್ ಪಾದ್ರಿಯು ಮಲೆಯಾಳದ ಕಡೆಯಿಂದ ನೀಲಗಿರಿಯನ್ನು ಹತ್ತಿ, ಅಲ್ಲಿ ತೋದವರನ್ನೂ ಬಡಗರನ್ನೂ ಕಂಡು ಬರೆದಿಟ್ಟ ವರದಿಯು ಉಳಿದುಬಂದಿದೆ. ಅದರ ಭಾಷಾಂತರವನ್ನು ರಿವರ್ಸ್ ಎಂಬ ಪಂಡಿತನು ೧೯೦೬ರಲ್ಲಿ ತೋದವರನ್ನು ಕುರಿತ ತನ್ನ ಗ್ರಂಥದ ಕೊನೆಗೆ ಸೇರಿಸಿ ಪ್ರಕಟಿಸಿದನು. ಹೀಗಿರಲಾಗಿ, ವಿಜಯನಗರದ ಪತನವಾಗಿ ನಾಲ್ವತ್ತು ವರುಷ ತುಂಬುವುದರೊಳಗೇ ಬಡಗರು ಬೆಟ್ಟದ ಮೇಲೆ ಊರುಗಳನ್ನು ಕಟ್ಟಿಕೊಂಡು ನೆಲೆಸಿದ್ದರೆಂಬುದು ನಿರ್ವಿವಾದವು. ಅದಕ್ಕೆ ಎಷ್ಟು ಮುಂಚೆ ಬಂದರೆಂಬುದನ್ನು ಆ ವರದಿಯೊಂದರಿಂದಲೇ ನಿರ್ಣಯಿಸಲಾಗದು.

ಬೆಟ್ಟದ ಮೇಲೆ ಅವರು ಒಂಟಿಯಾಗಿ ಬಾಳಲಿಲ್ಲ. ಎಮ್ಮೆಗಳನ್ನು ಸಾಕುವ ತೋದವರು ತುಪ್ಪವನ್ನೂ, ಕಮ್ಮಾರ ಕುಂಬಾರ ವೃತ್ತಿಗಳನ್ನೂ ವಾದ್ಯವನ್ನೂ ಬಲ್ಲ ಕೋತರು ಕುಡುಗೋಲು ಮಡಕೆಗಳನ್ನೂ, ಕಾಡಿನ ಕುರುಂಬರು ಜೇನು ಮೊದಲಾದ ವನದ ಪದಾರ್ಥಗಳನ್ನೂ ಕೊಡುತ್ತಿದ್ದರು. ಬೇಸಾಯಗಾರರಾದ ಬಡಗರು ಧಾನ್ಯವನ್ನು ಕೊಡುತ್ತಿದ್ದರು. ಈ ಕೊಳುಕೊಡೆಯಲ್ಲಿ ಎಲ್ಲರಿಗೂ ಸಾಧಾರಣವಾದ ಮಾತು ಯಾವುದೆಂದರೆ ಬಡಗರ ಮಾತೇ. ತೋದವರೂ ಕೋತರೂ ತಮ್ಮತಮ್ಮೊಳಗೆ ಬೇರೆ ನುಡಿಗಳನ್ನಾಡಿದರೂ ಪರಸ್ಪರ ವ್ಯವಹಾರಕ್ಕೆ ಬಡಗ ನುಡಿಯನ್ನು ಬಳಸುತ್ತಿದ್ದರು. ಬಯಲಿನ ಪಂಡಿತರು ಪ್ರಾಂತಭೇದವೆಂದು ಕರೆದ ನುಡಿಯು ಬೆಟ್ಟದ ಮೇಲೆ ನಾಲ್ಕು ಜನಾಂಗಗಳ ವ್ಯವಹಾರಭಾಷೆಯಾಗಿದ್ದಿತೆಂಬುದನ್ನು ಇಲ್ಲಿ ಮರೆಯತಕ್ಕದ್ದಲ್ಲ.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ನೀಲಗಿರಿಯು ಕೊಯಮತ್ತೂರಿನ ಸೀಮೆಯೊಡನೆ ಕುಂಪಣಿಯ ವಶವಾಯಿತು. ಬಡಗರಿಗೂ ಕನ್ನಡ ದೊರೆತನಕ್ಕೂ ಇದ್ದ ನಂಟು ಅಲ್ಲಿಗೆ ಕಡಿಯಿತು. ಆದರೆ ಅಕ್ಷರದ ನಂಟು ಮಾತ್ರ ಇನ್ನೂ ಕೆಲವು ಕಾಲ ಉಳಿಯಿತು. ೧೮೪೬ರಲ್ಲಿ ಕೇತಿಯೆಂಬ ಊರಿನಲ್ಲಿ ಠಾಣ್ಯವನ್ನು ಹೂಡಿದ ಬಾಸೆಲ್ ಮಿಷನ್ನಿನವರು ಬಡಗರಿಗಾಗಿ ಕನ್ನಡ ಲಿಪಿಯನ್ನೇ ಉಪಯೋಗಿಸಿದರು. ೧೮೯೦ರಲ್ಲಿ ಮಂಗಳೂರಿನ ಅವರ ಮುದ್ರಣಾಲಯದಲ್ಲಿ ‘ಅಂಗ ಕರ್ತಾಗಿಬ್ಬ ಯೇಸು ಕ್ರಿಸ್ತನ ಒಳ್ಳೆಯ ಸುದ್ದಿಯ ಪುಸ್ತಕ’ವೆಂಬುದು ಬಡಗ ನುಡಿಯಲ್ಲಿ, ಕನ್ನಡ ಅಕ್ಷರಗಳಲ್ಲಿ ಅಚ್ಚಾಯಿತು. ಈ ಹೆಸರನ್ನೇ ಸ್ವಲ್ಪ ಪರಿಶೀಲಿಸಿದರೆ, ಕರ್ತ, ಒಳ್ಳೆಯ, ಸುದ್ದಿ, ಪುಸ್ತಕಗಳು ಕನ್ನಡಿಗನಿಗೆ ಕೂಡಲೇ ತಿಳಿಯುವುವು. ‘ಆಗಿಬ್ಬ’ ಎಂಬಲ್ಲಿ ಅವನು ಒಂದು ಕ್ಷಣ ತಡೆಯುವನು. ಆದರೆ ವಚನವಾಙ್ಮಯದಲ್ಲಿ ‘ಇಪ್ಪ’, ‘ಇಪ್ಪುದು’ ಎಂಬ ರೂಪಗಳನ್ನು ಓದಿ ಬಲ್ಲವರಿಗೆ ಈ ‘ಇಬ್ಬ’ವು ಅದರ ಒಡಹುಟ್ಟಾಗಿ ತೋರದಿರದು. ಈಗಿನ ಬರವಣಿಗೆಯ ಕನ್ನಡವು ಬಿಟ್ಟುಕೊಟ್ಟುದನ್ನು ಬೆಟ್ಟದ ನುಡಿಯು ಉಳಿಸಿಕೊಂಡಂತಿದೆ.

ಪೂರ್ವಪಕ್ಷ

ಬಡಗ ನುಡಿಯು ಕನ್ನಡದ ಭೇದವೇ ಹೊರತು ಬೇರೆಯಲ್ಲವೆನ್ನುವವರ ವಾದವನ್ನು ಮೊದಲು ಕೇಳತಕ್ಕದ್ದು. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ೧೮೫೬ರಲ್ಲಿ ಪ್ರಕಟಿಸಿದ ಕಾಲ್ಡ್‌ವೆಲ್ ಪಂಡಿತನು, ತೋದವರ ನುಡಿಯನ್ನೂ ಕೋತರ ನುಡಿಯನ್ನೂ ಪ್ರತ್ಯೇಕ ಭಾಷೆಗಳೆಂದು ಎಣಿಸಿದರೂ, ಬಡಗ ನುಡಿಯನ್ನು ಕನ್ನಡದ ಒಂದು ಹಳೆಯ ರೂಪವೆಂದು ಬಗೆದು ಎಣಿಕೆಯಲ್ಲಿ ಬೇರೆ ಹಿಡಿಯಲಿಲ್ಲ. ಗ್ರಿಯರ್ಸನ್ನನ ಭಾರತೀಯ ಭಾಷಾ ಸಮೀಕ್ಷೆಯಲ್ಲಿ, ೧೯೦೬ರ ದ್ರಾವಿಡ ಸಂಪುಟವೂ ಅದನ್ನು ಕನ್ನಡದ ಕೆಳಗೇ ಇರಿಸಿತು. ಭಾರತ ಸರಕಾರದ ಜನಗಣತಿಯೂ ಅದೇ ದಾರಿಯನ್ನು ಹಿಡಿದಿದೆ. ೨೦೧೧ರ ಗಣತಿಯಲ್ಲಿ ಬಡಗವನ್ನು ಮಾತೃಭಾಷೆಯೆಂದು ಹೇಳಿದವರು ೧,೩೩,೫೫೦ ಮಂದಿ. ಇವರೆಲ್ಲರೂ ಕನ್ನಡವೆಂಬ ತಲೆಬರಹದ ೪,೩೭,೦೬,೫೧೨ ಮಂದಿಯೊಳಗೆ ಸೇರಿಹೋಗಿದ್ದಾರೆ.

ಈ ಪಕ್ಷಕ್ಕೆ ಶಬ್ದಶಾಸ್ತ್ರದ ಬೆಂಬಲವೂ ಉಂಟು. ಅದೆಂತೆಂದರೆ, ತಮಿಳಿನಲ್ಲಿ ವಕಾರದಿಂದ ಮೊದಲಾಗುವ ಶಬ್ದಗಳು ಕನ್ನಡದಲ್ಲಿ ಬಕಾರಾದಿಗಳಾಗುವುವು: ವಾಯ್ ಬಾಯಿಯಾಗಿಯೂ, ವಳೈ ಬಳೆಯಾಗಿಯೂ, ವಿಳೈ ಬೆಳೆಯಾಗಿಯೂ ಇರುವುವು. ಬಡಗದಲ್ಲಿಯೂ ಈ ಮೂರು ಶಬ್ದಗಳು ಬಕಾರಾದಿಗಳೇ. ಇದಕ್ಕಿಂತಲೂ ಬಲವಾದ ಪ್ರಮಾಣವು ಪಕಾರದ್ದು. ಹಳಗನ್ನಡದ ಪಾಲು, ಪತ್ತು, ಪಾಸುಗಳು ಹಾಲು, ಹತ್ತು, ಹಾಸುಗಳಾದುದು ಕನ್ನಡಕ್ಕೆ ವಿಶೇಷವಾದ ಮಾರ್ಪಾಟು. ಇದು ಹತ್ತನೆಯ ಶತಮಾನದ ಸುಮಾರಿನಲ್ಲಿ ಶಾಸನಗಳಲ್ಲಿ ತೋರಿಕೊಂಡು, ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಜನರ ಬಾಯಲ್ಲಿ ನೆಲೆಗೊಂಡಿತು. ತುಳುವೂ ಕೊಡವ ನುಡಿಯೂ ಇಂದಿಗೂ ಹತ್ತೆಂಬ ಸಂಖ್ಯೆಯನ್ನು ಪಕಾರದಿಂದಲೇ ಹೇಳುವುವು. ಅವು ಈ ಮಾರ್ಪಾಟಿಗೆ ಒಳಗಾಗಲಿಲ್ಲ. ಬಡಗವಾದರೋ ಒಳಗಾಯಿತು, ಹಾಸು ಎಂಬ ಧಾತುವನ್ನು ಅದು ಹಕಾರದಿಂದಲೇ ಉಚ್ಚರಿಸುವುದು. ಈ ಮಾರ್ಪಾಟು ನಡೆಯುತ್ತಿದ್ದಾಗ ಬಡಗರ ಪೂರ್ವಿಕರು ಕನ್ನಡಿಗರೊಡನೆಯೇ ಇದ್ದರೆಂದು ಇದರಿಂದ ಊಹಿಸುವುದು ನ್ಯಾಯವಾಗಿದೆ. ಒಂದೇ ಮನೆಯಲ್ಲಿ ಬೆಳೆದವರು ಬೇರೆ ಬಿಡಾರ ಹೂಡಿದ ಮಾತ್ರಕ್ಕೆ ಬೇರೆ ಗೋತ್ರದವರಾಗುವರೇ ಎಂಬುದು ಪೂರ್ವಪಕ್ಷದ ಸಾರಾಂಶವು.

ಉತ್ತರಪಕ್ಷ

ಬಡಗವು ಬೇರೆ ಭಾಷೆಯೆನ್ನುವವರಿಗೂ ಆಧಾರಗಳಿಲ್ಲದಿಲ್ಲ. ಎಮಿನೋ ಎಂಬ ಭಾಷಾವಿಜ್ಞಾನಿಯು ೧೯೩೫ರಿಂದ ಮೊದಲ್ಗೊಂಡು ಮೂರು ವರುಷಗಳ ಕಾಲ ನೀಲಗಿರಿ ಕೊಡಗುಗಳಲ್ಲಿ ಅಲ್ಲಿನ ನುಡಿಗಳನ್ನು ಬರೆದುಕೊಂಡನು. ಬಡಗ ನುಡಿಯ ಸ್ವರಗಳನ್ನು ಕುರಿತು ಅವನು ೧೯೩೯ರಲ್ಲಿ ಪ್ರಕಟಿಸಿದ ಲೇಖನವು ವಿದ್ವಾಂಸರಿಗೆ ಆಶ್ಚರ್ಯವನ್ನುಂಟುಮಾಡಿತು. ಅ, ಇ, ಉ, ಎ, ಒ ಎಂಬ ಐದು ಸ್ವರಗಳನ್ನು ಹ್ರಸ್ವವಾಗಿಯೂ ದೀರ್ಘವಾಗಿಯೂ ನುಡಿಯುವುದು ಕನ್ನಡಿಗರಿಗೆ ಪರಿಚಿತವೇ. ಆದರೆ ಬಡಗರು ನಾಲಗೆಯ ತುದಿಯನ್ನು ಸ್ವಲ್ಪ ಮಡಿಸಿ ಒಂದು ಬಗೆಯಾಗಿಯೂ, ಪೂರ್ತಿಯಾಗಿ ಮಡಿಸಿ ಇನ್ನೊಂದು ಬಗೆಯಾಗಿಯೂ ಅದೇ ಸ್ವರಗಳನ್ನು ಉಚ್ಚರಿಸಿ, ಅರ್ಥಭೇದವನ್ನು ತೋರುತ್ತಿದ್ದರು. ಮೇಲೆ ಹೇಳಿದ ಬಾಯಿ, ಬಳೆ, ಬೆಳೆಯೆಂಬ ಮೂರು ಶಬ್ದಗಳೂ ಬಡಗದಲ್ಲಿ ಬಕಾರದ ಮೇಲೆ ಎಕಾರವುಳ್ಳ ಒಂದೇ ಅಕ್ಷರವಾಗಿ ಕುಗ್ಗಿಹೋಗಿವೆ. ಎಕಾರವು ಮಡಿಕೆಯಿಲ್ಲದೆ ಬಂದರೆ ಬಾಯಿ, ಅರೆಮಡಿಕೆಯಿಂದ ಬಂದರೆ ಬಳೆ, ಪೂರ್ಣವಾದ ಮಡಿಕೆಯಿಂದ ಬಂದರೆ ಬೆಳೆ. ಕನ್ನಡದಲ್ಲಿ ವ್ಯಂಜನವಾಗಿ ನಿಂತಿರುವ ಳಕಾರವು ಅಲ್ಲಿ ಲೋಪಿಸಿ, ತನ್ನ ನೆರಳನ್ನು ಸ್ವರದ ಮೇಲೆ ಬಿಟ್ಟುಹೋಗಿದೆ. ಹೀಗೆ ಹತ್ತು ಸ್ವರಗಳ ಸ್ಥಾನದಲ್ಲಿ ಮೂವತ್ತು ಸ್ವರಗಳುಳ್ಳ ನುಡಿಯನ್ನು ಕನ್ನಡದ ವರ್ಣಮಾಲೆಯು ಬರೆದು ತೋರಿಸಲಾರದು. ಈಚಿನ ತಲೆಮಾರಿನವರಲ್ಲಿ ಈ ಮಡಿಕೆಯ ಸ್ವರಗಳು ಬಹುಮಟ್ಟಿಗೆ ಅಳಿದು, ಕೆಲವು ಮಾತ್ರ ಉಳಿದಿವೆ.

ವರ್ಣಗಳ ವಿಷಯವಿರಲಿ, ವಾಙ್ಮಯವನ್ನು ನೋಡಿದರೂ ಬಡಗರ ಸಂಪತ್ತು ಅವರದೇ. ೧೮೭೧ರಲ್ಲಿ ದಕ್ಷಿಣ ಭಾರತದ ಜನಪದ ಗೀತಗಳನ್ನು ಸಂಗ್ರಹಿಸಿ ಪ್ರಕಟಿಸಿದ ಗೋವರ್ ಎಂಬವನು ಕನ್ನಡದ ಹಾಡುಗಳಿಗೆ ಒಂದು ಪ್ರಕರಣವನ್ನೂ, ಬಡಗರ ಹಾಡುಗಳಿಗೆ ಬೇರೊಂದು ಪ್ರಕರಣವನ್ನೂ ಮೀಸಲಿರಿಸಿದನು. ಸತ್ತವರ ಮತ್ತು ಅವರ ಹಿರಿಯರ ಪಾಪಗಳನ್ನು ಒಂದೊಂದಾಗಿ ಹೆಸರಿಸಿ, ಅವನ್ನೆಲ್ಲ ಒಂದು ಕರುವಿನ ಮೇಲೆ ಹೊರಿಸಿ ಬಿಟ್ಟುಬಿಡುವ ಸಂಸ್ಕಾರದಲ್ಲಿ ಹಿರಿಯನು ಹೇಳುವ ಪಾಪಗಳ ಪಟ್ಟಿಯೂ, ನೆರೆದವರು ಅದಕ್ಕೆ ದನಿಗೂಡಿಸುವ ಕ್ರಮವೂ ನೋಡಿದವರ ಮನಸ್ಸನ್ನು ಕಲಕಿವೆ. ಹೆತ್ತೆಯೆಂಬ ಕುಲದೇವತೆಯ ಹಬ್ಬದಲ್ಲಿ ಹಾಡುವ ಹಾಡುಗಳೂ, ಗಾದೆಗಳೂ, ಹರಕೆ ಶಾಪಗಳೂ ಬಡಗ ನುಡಿಯಲ್ಲಿಯೇ ಇವೆ. ಹಾಕಿಂಗ್ಸ್ ಎಂಬ ಮಾನವಶಾಸ್ತ್ರಜ್ಞನು ಗಾದೆ ಪ್ರಾರ್ಥನೆಗಳ ಸಂಗ್ರಹವನ್ನು ೧೯೮೮ರಲ್ಲಿಯೂ, ಪಿಲೋ ರಾಯ್ಚೂರ್ ಎಂಬ ವಿದುಷಿಯೊಡನೆ ಕೂಡಿ ದೊಡ್ಡದೊಂದು ಬಡಗ ಇಂಗ್ಲಿಷ್ ನಿಘಂಟನ್ನು ೧೯೯೨ರಲ್ಲಿಯೂ ಪ್ರಕಟಿಸಿದನು. ನಿಘಂಟೂ ಗಾದೆಯೂ ಹಾಡೂ ಸಂಸ್ಕಾರಮಂತ್ರವೂ ಇರುವ ನುಡಿಗೆ ಭಾಷೆಯೆಂಬ ಹೆಸರು ಸಲ್ಲದೆಂದರೆ, ಇನ್ನಾವುದಕ್ಕೆ ಸಲ್ಲುವುದೆಂಬುದು ಉತ್ತರಪಕ್ಷದವರ ಪ್ರಶ್ನೆ.

ಲಕ್ಷಣವಿಚಾರ

ಎರಡು ಪಕ್ಷಗಳೂ ಸತ್ಯವನ್ನೇ ಹೇಳುತ್ತಿರುವಲ್ಲಿ ದೋಷವಿರುವುದು ಲಕ್ಷಣದಲ್ಲಿಯೆಂದು ತರ್ಕಶಾಸ್ತ್ರವನ್ನೋದಿದವರು ತಿಳಿಯುವರು. ಭಾಷೆಯೆಂಬುದರ ಲಕ್ಷಣವು ಯಾವುದು? ಅವ್ಯಾಪ್ತಿ ಅತಿವ್ಯಾಪ್ತಿಗಳಿಲ್ಲದಂತೆ ಅದನ್ನು ಹೇಳಲು ಸಾಧ್ಯವೇ? ಲೋಕದಲ್ಲಿ ಸಾಮಾನ್ಯವಾಗಿ ಹೇಳುವ ಲಕ್ಷಣಗಳನ್ನು ಒಂದೊಂದಾಗಿ ಪರೀಕ್ಷಿಸತಕ್ಕದ್ದು.

ಪರಸ್ಪರ ಅರ್ಥವಾದರೆ ಒಂದೇ ಭಾಷೆ, ಅರ್ಥವಾಗದಿದ್ದರೆ ಬೇರೆ ಭಾಷೆಯೆಂಬುದು ಮೊದಲನೆಯದು. ಇದು ಕೇಳುವುದಕ್ಕೆ ಸುಲಭವಾದರೂ ಪರೀಕ್ಷೆಯಲ್ಲಿ ನಿಲ್ಲದು. ದಕ್ಷಿಣ ಕನ್ನಡದ ಹವ್ಯಕರ ಮಾತನ್ನು ತೆಗೆದುಕೊಳ್ಳಬಹುದು. ಅವರು ‘ನಾನು’ ಎನ್ನದೆ ‘ಆನು’ ಎನ್ನುವರು. ಕೇಳುವವನನ್ನು ಒಳಗೊಂಡ ‘ನಾವು’ ಬೇರೆ, ಅವನನ್ನು ಬಿಟ್ಟ ‘ಎಂಗೊ’ ಬೇರೆ. ಹೆಂಗಸರನ್ನು ‘ಅದು’ ಎಂದು ನಿರ್ದೇಶಿಸುವುದೂ ಅವರಲ್ಲಿ ಅಗೌರವವಲ್ಲ. ಬೀದರಿನ ಒಕ್ಕಲಿಗನೊಬ್ಬನು ಮೊದಲ ಸಲ ಹವ್ಯಕರ ಮನೆಯ ಮಾತುಕತೆಯನ್ನು ಕೇಳಿದರೆ ಅರ್ಧವೂ ತಿಳಿಯದೆ ಬೆರಗಾಗುವನು. ಆದರೂ ಹವ್ಯಕರು ತಮ್ಮದನ್ನು ಕನ್ನಡವೆಂದೇ ಕರೆಯುವರು. ಅದನ್ನು ಬೇರೆ ಭಾಷೆಯೆಂದು ಯಾರೂ ಬಲವಂತವಾಗಿ ಹೇಳಿಲ್ಲ. ಮೇಲಾಗಿ, ತಿಳಿಯುವುದೆಂಬುದು ಅಭ್ಯಾಸವನ್ನು ಅವಲಂಬಿಸಿದುದು. ಗುಂಡ್ಲುಪೇಟೆಯ ವ್ಯಾಪಾರಿಗೆ ವಾರಕ್ಕೊಮ್ಮೆ ಬೆಟ್ಟದ ಸಂತೆಗೆ ಹೋಗಿ ಬಂದರೆ ಬಡಗ ನುಡಿಯು ತಿಳಿಯುವುದು; ಧಾರವಾಡದ ಪಂಡಿತನಿಗೆ ತಿಳಿಯದು. ಹಾಗೆಂದು ಒಂದೇ ನುಡಿಯು ವ್ಯಾಪಾರಿಗೆ ಪ್ರಾಂತಭೇದವೂ ಪಂಡಿತನಿಗೆ ಪರಭಾಷೆಯೂ ಆಗಲಾರದು.

ಲಿಪಿಯಿದ್ದರೆ ಭಾಷೆ, ಇಲ್ಲದಿದ್ದರೆ ಉಪಭಾಷೆಯೆಂಬುದು ಎರಡನೆಯ ಲಕ್ಷಣವು. ಇದು ಮೊದಲನೆಯದಕ್ಕಿಂತ ದುರ್ಬಲವಾದುದು. ಮರಾಠಿ ಹಿಂದಿಗಳು ಸಂಸ್ಕೃತದ ನಾಗರಲಿಪಿಯಲ್ಲಿಯೇ ಬರೆಯಲ್ಪಡುವುವು. ಅದರಿಂದ ಅವು ಒಂದಾಗಲಿಲ್ಲ. ಬಡಗವು ಮೊದಲು ಕನ್ನಡ ಲಿಪಿಯಲ್ಲಿ ಅಚ್ಚಾಗಿ, ಈಚೆಗೆ ಹೆಚ್ಚಾಗಿ ತಮಿಳು ಲಿಪಿಯಲ್ಲಿ ಬರೆಯಲ್ಪಡುತ್ತಿದೆ. ಅದಕ್ಕೆಂದೇ ಹೊಸ ಲಿಪಿಯನ್ನು ಕಲ್ಪಿಸುವ ಪ್ರಯತ್ನಗಳೂ ನಡೆದಿವೆ. ಉಡುಪು ಬದಲಾಯಿಸಿದರೆ ದೇಹಿಯು ಬದಲಾಗನು.

ಹೆಸರೇ ಪ್ರಮಾಣವೆಂಬವರೂ ಉಂಟು. ಗೋವೆಯಲ್ಲಿದ್ದ ತೋಮಸ್ ಸ್ಟೀಫನ್ಸ್ ಪಾದ್ರಿಯು ಬರೆದು, ೧೬೪೦ರಲ್ಲಿ ರಾಚೋಲಿನಲ್ಲಿ ಅಚ್ಚಾದ ಕೊಂಕಣಿಯ ವ್ಯಾಕರಣದ ಹೆಸರಿನಲ್ಲಿ ಆ ಭಾಷೆಯು ‘ಕಾನಾರಿ’ ಎಂಬ ಅರ್ಥದ ಪೋರ್ತುಗೀಸ್ ಶಬ್ದದಿಂದ ಕರೆಯಲ್ಪಟ್ಟಿದೆ. ಅದರಿಂದ ಕೊಂಕಣಿಯು ಕನ್ನಡವಾಯಿತೇ? ನಾಮಮಾತ್ರದಿಂದ ವಸ್ತುನಿರ್ಣಯವಾಗದೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆಯು ಬೇಡ.

ಇನ್ನುಳಿದುದು ರಾಜಶಾಸನ ಮತ್ತು ವಿದ್ವತ್ಸಭೆಗಳ ಅಂಗೀಕಾರ. ಕೊಂಕಣಿಯು ಮರಾಠಿಯ ಪ್ರಾಂತಭೇದವೆಂಬ ವಿವಾದವು ಬಹುಕಾಲ ನಡೆದು, ೧೯೭೫ರಲ್ಲಿ ಸಾಹಿತ್ಯ ಅಕಾಡೆಮಿಯು ಅದನ್ನು ಸ್ವತಂತ್ರವಾದ ಸಾಹಿತ್ಯಭಾಷೆಯೆಂದು ಮನ್ನಿಸಿತು. ೧೯೯೨ರಲ್ಲಿ ಅದು ಭಾರತ ಸಂವಿಧಾನದ ಎಂಟನೆಯ ಅನುಸೂಚಿಯನ್ನು ಸೇರಿತು. ವಿದ್ಯಾಪತಿಯ ಕಾಲದಿಂದಲೂ ಕಾವ್ಯಗಳನ್ನು ಪಡೆದ ಮೈಥಿಲಿಯು ಹಿಂದಿಯ ಲೆಕ್ಕದಲ್ಲಿ ಸೇರಿಹೋಗಿದ್ದಿತು. ೧೯೬೫ರಲ್ಲಿ ಅಕಾಡೆಮಿಯ ಮನ್ನಣೆಯನ್ನೂ, ೨೦೦೩ರಲ್ಲಿ ಸಂವಿಧಾನದ ಮನ್ನಣೆಯನ್ನೂ ಪಡೆಯಿತು. ಈ ವರ್ಷಗಳಲ್ಲಿ ಕೊಂಕಣಿಯ ವಿಭಕ್ತಿಗಳಾಗಲಿ ಮೈಥಿಲಿಯ ಕ್ರಿಯಾಪದಗಳಾಗಲಿ ಬದಲಾಗಲಿಲ್ಲ. ಬದಲಾದುದು ಜನರ ಪ್ರಯತ್ನ, ಸರಕಾರದ ಎಣಿಕೆ ಇಷ್ಟೇ. ೧೯೬೧ರ ಗಣತಿಯಲ್ಲಿ ಜನರು ಹೇಳಿದ ಮಾತೃಭಾಷೆಗಳ ಹೆಸರುಗಳು ೧,೬೫೨. ೧೯೭೧ರಿಂದೀಚೆಗೆ ಹತ್ತು ಸಾವಿರಕ್ಕೆ ಕಡಿಮೆ ಜನರಾಡುವ ನುಡಿಗಳ ಹೆಸರುಗಳನ್ನು ಬೇರೆಯಾಗಿ ಪ್ರಕಟಿಸುವುದೇ ನಿಂತಿತು. ಎಣಿಸುವವನ ಸೌಕರ್ಯವು ಎಣಿಸಲ್ಪಡುವ ವಸ್ತುವಿನ ಸ್ವರೂಪವಾಗಲಾರದು.

ಸಿದ್ಧಾಂತ

ಆದಕಾರಣ ಇಲ್ಲಿ ಒಂದು ಪ್ರಶ್ನೆಯಲ್ಲ, ಎರಡು ಪ್ರಶ್ನೆಗಳು ಬೆರೆತುಹೋಗಿವೆಯೆಂದು ತಿಳಿಯತಕ್ಕದ್ದು. ಮೊದಲನೆಯದು ವಂಶದ ಪ್ರಶ್ನೆ: ಈ ನುಡಿಯು ಎಲ್ಲಿಂದ ಬಂದಿತು, ಯಾವುದರೊಡನೆ ಹುಟ್ಟಿತು? ಎರಡನೆಯದು ಅಧಿಕಾರದ ಪ್ರಶ್ನೆ: ಇದಕ್ಕೆ ಯಾವ ಹೆಸರು, ಯಾವ ಸ್ಥಾನ, ಯಾವ ಪಾಠಶಾಲೆ ಸಲ್ಲತಕ್ಕದ್ದು? ಮೊದಲನೆಯದಕ್ಕೆ ಶಬ್ದಶಾಸ್ತ್ರವು ಉತ್ತರ ಹೇಳಬಲ್ಲದು. ಪಕಾರ ಹಕಾರಗಳ ಸಾಕ್ಷ್ಯದಿಂದ ಬಡಗವು ಕನ್ನಡದ ಬಳಗದ್ದೆಂಬುದೂ, ತುಳು ಕೊಡವಗಳಿಗಿಂತ ಕನ್ನಡಕ್ಕೆ ಬಹಳ ಹತ್ತಿರದ್ದೆಂಬುದೂ ಸಿದ್ಧವಾಗಿದೆ. ಮಡಿಕೆಯ ಸ್ವರಗಳ ಸಾಕ್ಷ್ಯದಿಂದ, ಅದು ಬೇರೆಯಾದ ಮೇಲೆ ತನ್ನದೇ ದಾರಿಯಲ್ಲಿ ಬಹುದೂರ ನಡೆದಿದೆಯೆಂಬುದೂ ಸಿದ್ಧವಾಗಿದೆ. ಎರಡನೆಯ ಪ್ರಶ್ನೆಗೆ ಮಾತ್ರ ಶಬ್ದಶಾಸ್ತ್ರವು ಉತ್ತರ ಹೇಳಲಾರದು. ಅದಕ್ಕೆ ಆ ನುಡಿಯನ್ನು ಆಡುವವರ ಇಚ್ಛೆಯೇ ಮುಖ್ಯಪ್ರಮಾಣವು. ಹವ್ಯಕರು ತಮ್ಮದು ಕನ್ನಡವೆಂದರೆ ಅದು ಕನ್ನಡವೇ; ಬಡಗರು ತಮ್ಮದು ಬಡಗವೆಂದರೆ ಅದು ಬಡಗವೇ. ಇದರಲ್ಲಿ ವಿರೋಧವೇನೂ ಇಲ್ಲ. ತಾಯಿ ಮಗಳೆಂಬ ಸಂಬಂಧವು ಎಷ್ಟು ನಿಜವೋ, ಮಗಳು ತನ್ನ ಮನೆಯ ಯಜಮಾನಿಯೆಂಬುದೂ ಅಷ್ಟೇ ನಿಜವು.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ಆಡುವವರ ಇಚ್ಛೆಯೇ ಪ್ರಮಾಣವೆಂದರೆ ಪ್ರತಿಯೊಂದು ಜಿಲ್ಲೆಯೂ ತನ್ನದು ಬೇರೆ ಭಾಷೆಯೆಂದು ಹೇಳಿ, ಕನ್ನಡವು ಚೂರುಚೂರಾಗದೇ? ಆಗದು, ಏಕೆಂದರೆ ಜನರು ತಮ್ಮ ನುಡಿಯ ಹೆಸರನ್ನು ಮನಬಂದಂತೆ ಆರಿಸುವುದಿಲ್ಲ. ಕುಂದಾಪುರದವರೂ ಕಲಬುರಗಿಯವರೂ ಮನೆಯಲ್ಲಿ ಹೇಗೇ ಮಾತನಾಡಿದರೂ, ಶಾಲೆಯಲ್ಲಿ ಓದಿದುದು, ಪತ್ರದಲ್ಲಿ ಬರೆದುದು, ಪುರಾಣದಲ್ಲಿ ಕೇಳಿದುದು ಒಂದೇ ಕನ್ನಡವಾದುದರಿಂದ ಅವರು ಕನ್ನಡಿಗರಾಗಿಯೇ ಉಳಿದರು. ಬಡಗರಿಗೆ ಈ ಭಾಗ್ಯವು ಉಳಿಯಲಿಲ್ಲ. ೧೯೫೬ರಲ್ಲಿ ರಾಜ್ಯಗಳು ಭಾಷಾನುಸಾರವಾಗಿ ಪುನರ್ವಿಂಗಡಿಸಲ್ಪಟ್ಟಾಗ ನೀಲಗಿರಿಯು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಬಡಗರ ಮಕ್ಕಳ ಶಾಲೆಯ ಭಾಷೆಯು ತಮಿಳೂ ಇಂಗ್ಲಿಷೂ ಆಯಿತು. ಗಣತಿಯ ಪುಸ್ತಕದಲ್ಲಿ ಕನ್ನಡಿಗರೆಂದು ಎಣಿಸಲ್ಪಡುವ ಆ ಮಕ್ಕಳಲ್ಲಿ ಬಹುಮಂದಿಗೆ ಕನ್ನಡದ ಒಂದು ಅಕ್ಷರವೂ ಬಾರದು. ಕನ್ನಡವೆಂಬ ಹೆಸರಿನಿಂದ ಅವರಿಗೆ ಕನ್ನಡದ ಶಾಲೆಯು ದೊರೆಯಲಿಲ್ಲ. ಬಡಗವೆಂಬ ಹೆಸರಿಲ್ಲದ್ದರಿಂದ ಬಡಗದ ಶಾಲೆಯೂ ದೊರೆಯಲಿಲ್ಲ. ಎರಡು ಮನೆಯ ನಂಟನು ಉಪವಾಸ ಮಲಗಿದಂತೆ ಅವರ ಸ್ಥಿತಿಯಾಗಿದೆ.

ಇನ್ನೊಂದು ಲೌಕಿಕ ಕಾರಣವನ್ನೂ ಇಲ್ಲಿ ಹೇಳತಕ್ಕದ್ದು. ಬಡಗರು ತಮ್ಮನ್ನು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಸೇರಿಸಬೇಕೆಂದು ಬಹುಕಾಲದಿಂದ ಬೇಡುತ್ತ ಬಂದಿದ್ದಾರೆ. ಅವರು ಬಯಲಿನಿಂದ ಬಂದ ಕನ್ನಡಿಗರೆಂದರೆ ಆ ಬೇಡಿಕೆಯು ಸಡಿಲವಾಗುವುದು. ಬೆಟ್ಟದ ಬೇರೆ ಭಾಷೆಯ ಜನರೆಂದರೆ ಬಿಗಿಯಾಗುವುದು. ಆದಕಾರಣ ವಿದ್ವಾಂಸನು ಆಡುವ ಒಂದು ಮಾತು ಎರಡೂ ಕಡೆಯವರ ಕೈಯಲ್ಲಿ ಆಯುಧವಾಗುವುದು. ಆಯುಧವಾಗುವುದೆಂದು ಸತ್ಯವನ್ನು ಮುಚ್ಚತಕ್ಕದ್ದಲ್ಲ. ಹಾಗೆಯೇ, ವಂಶದ ಸತ್ಯವನ್ನು ಹೇಳಿ ಅಧಿಕಾರದ ನ್ಯಾಯವನ್ನು ಕಸಿಯತಕ್ಕದ್ದೂ ಅಲ್ಲ. ಐದು ನೂರು ವರುಷಗಳ ಹಿಂದೆ ಯಾರ ಅಜ್ಜನು ಯಾವ ಕಣಿವೆಯಿಂದ ಹತ್ತಿದನೆಂಬುದರ ಮೇಲೆ ಇಂದಿನ ಮಗುವಿನ ಹಕ್ಕನ್ನು ಅಳೆಯುವುದು ಧರ್ಮವಲ್ಲ.

ಕನ್ನಡಿಗರು ಈ ವಿಷಯದಲ್ಲಿ ತಮ್ಮ ಹಿಂದಿನ ಸ್ಥಿತಿಯನ್ನು ನೆನೆಯುವುದು ಒಳ್ಳೆಯದು. ಫೆನಿಸಿಯೋ ನೀಲಗಿರಿಯನ್ನು ಹತ್ತಿದ ಮರುವರುಷವೇ, ಎಂದರೆ ೧೬೦೪ರಲ್ಲಿ, ಭಟ್ಟಾಕಳಂಕ ದೇವನು ಕರ್ಣಾಟಕ ಶಬ್ದಾನುಶಾಸನವನ್ನು ಮುಗಿಸಿದನು. ಕನ್ನಡಕ್ಕೆ ಸಂಸ್ಕೃತದಲ್ಲಿ ಸೂತ್ರಗಳನ್ನು ರಚಿಸಿದ ಆ ಮಹಾವೈಯಾಕರಣನು, ಈ ಭಾಷೆಯು ಶಾಸ್ತ್ರಕ್ಕೆ ಅನುಪಯುಕ್ತವೆಂಬ ಆಕ್ಷೇಪವನ್ನು ಎತ್ತಿಕೊಂಡು, ಕನ್ನಡದಲ್ಲಿ ಹುಟ್ಟಿದ ಗ್ರಂಥಗಳನ್ನು ತೋರಿಸಿ ಅದನ್ನು ಖಂಡಿಸಬೇಕಾಯಿತು. ಸಂಸ್ಕೃತದ ಪಂಡಿತರ ಮುಂದೆ ಅಂದು ಕನ್ನಡವು ನಿಂತ ಸ್ಥಾನದಲ್ಲಿಯೇ, ಕನ್ನಡದ ಪಂಡಿತರ ಮುಂದೆ ಇಂದು ಬಡಗವು ನಿಂತಿದೆ. ಅದಕ್ಕೂ ನಾಲ್ಕು ಶತಮಾನಗಳ ಹಿಂದೆ ಕಲ್ಯಾಣದಲ್ಲಿ ನೆರೆದ ಶರಣರಲ್ಲಿ ಬಾಗೇವಾಡಿಯ ಬಸವಣ್ಣನೂ, ಬಳ್ಳಿಗಾವೆಯ ಅಲ್ಲಮನೂ, ಉಡುತಡಿಯ ಮಹಾದೇವಿಯಕ್ಕನೂ, ಸೊನ್ನಲಿಗೆಯ ಸಿದ್ಧರಾಮನೂ ಇದ್ದರು. ಮೋಳಿಗೆಯ ಮಾರಯ್ಯನು ಕಾಶ್ಮೀರದಿಂದ ಬಂದವನೆಂದು ಪರಂಪರೆಯು ಹೇಳುವುದು. ಇಷ್ಟು ದೂರದೂರದ ಸೀಮೆಗಳಿಂದ ಬಂದವರ ಬಾಯಿಮಾತು ಒಂದೇ ಆಗಿದ್ದಿರಲಾರದು. ಆದರೆ ಅನುಭವಮಂಟಪದ ಬಾಗಿಲಲ್ಲಿ ನುಡಿಯ ಶುದ್ಧಿಯನ್ನು ಕೇಳ್ದವರಿದ್ದರೆಂದು ಯಾವ ಪುರಾಣವೂ ಹೇಳದು. ಮಾರ್ಗಕ್ಕೆ ದೇಶಿಯು ಕಡಿಮೆಯಲ್ಲವೆಂಬುದನ್ನು ಅವರು ವಾದದಿಂದಲ್ಲ, ಬಳಸಿ ತೋರಿಸಿದರು.

ನೀಲಗಿರಿಯ ವಿಷಯದಲ್ಲಿ ಮಾಡತಕ್ಕ ಕಾರ್ಯವು ಇದರಿಂದಲೇ ಸ್ಪಷ್ಟವಾಗುವುದು. ಬಡಗವು ಕನ್ನಡದ್ದೆಂದು ಹೆಮ್ಮೆಪಡುವವರು ಅದರ ಹಾಡು ಗಾದೆಗಳನ್ನು ಬಡಗರ ಒಪ್ಪಿಗೆಯಿಂದ ಬರೆದಿಟ್ಟು, ಮಡಿಕೆಯ ಸ್ವರಗಳಿಗೆ ತಕ್ಕ ಗುರುತುಗಳನ್ನು ಕನ್ನಡ ಲಿಪಿಗೆ ಕೂಡಿಸಿ, ಅವರ ಕೈಗೆ ಒಪ್ಪಿಸಲಿ. ಯಾವ ಲಿಪಿಯನ್ನು ಆರಿಸಬೇಕೆಂಬುದನ್ನು ಅವರಿಗೆ ಬಿಡಲಿ. ಬಡಗವು ಬೇರೆಯೆಂದು ಹೇಳುವವರು, ಬೇರೆಯೆಂಬುದು ಹಗೆಯೆಂಬರ್ಥವಲ್ಲವೆಂದು ತಿಳಿದು, ಹಳಗನ್ನಡದಲ್ಲಿಯೂ ವಚನಗಳಲ್ಲಿಯೂ ತಮ್ಮ ನುಡಿಯ ಹಳೆಯ ಬೇರುಗಳನ್ನು ಹುಡುಕಲಿ. ಮುದುಕಿಯರ ನಾಲಗೆಯ ಮೇಲೆ ಅಲ್ಲೊಂದು ಇಲ್ಲೊಂದು ಉಳಿದಿರುವ ಮಡಿಕೆಯ ಸ್ವರವು ಅವರೊಡನೆಯೇ ಹೋದರೆ, ಆಮೇಲೆ ಅದು ಭಾಷೆಯಾಗಿದ್ದಿತೋ ಉಪಭಾಷೆಯಾಗಿದ್ದಿತೋ ಎಂಬ ವಾದದಲ್ಲಿ ಗೆದ್ದವರಿಗೂ ಸೋತವರಿಗೂ ಲಾಭವಿಲ್ಲ. ಕೊಂಬೆಯೆಂದರೂ ಗಿಡವೆಂದರೂ ನೀರನ್ನು ಬುಡಕ್ಕೆ ಎರೆಯತಕ್ಕದ್ದು. ಹೆಸರನ್ನು ಅದರ ನೆರಳಿನಲ್ಲಿ ಕುಳಿತವರು ಇಡುವರು.